ನಮ್ಮ ಟೀವಿಯ ಮಂಜು

ಮನೆಯಲ್ಲಿ ಒಂದೇ ಟೀವಿ ಇದ್ದು, ಅದರ ಮೇಲೆ ಮೂರು ತಲೆಮಾರಿನವರ ಕಣ್ಣಿದ್ದರೆ ಆ ಮನೆಯ ಸಂಜೆಗಳು ಹೇಗಿರುತ್ತವೆ ಎಂಬುದನ್ನು ಓದುಗ ಸೋದರಿಯರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಸೇಡಂ. ನಮ್ಮನೆಯವರು ಇಲ್ಲಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಮಗಳು ಬಿ.ಕಾಂ. ಕೊನೆಯ ವರ್ಷ, ದಿನಾ ಬೆಳಿಗ್ಗೆ ರೈಲು ಹಿಡಿದು ಚಿತ್ತಾಪುರ, ವಾಡಿ, ಶಹಾಬಾದ್ ದಾಟಿ ಕಲಬುರಗಿಗೆ ಹೋಗಿ ಬರುವವಳು. ಮಗ ಒಂಬತ್ತನೆಯ ಇಯತ್ತೆ. ಇನ್ನು ನಮ್ಮ ಅತ್ತೆಯವರು, ಎಪ್ಪತ್ತು ದಾಟಿದ್ದಾರೆ. ಮಕ್ಕಳು ಅವರನ್ನು ಆಯಿ ಎನ್ನುತ್ತಾರೆ, ನನಗೂ ಈಗ ಅದೇ ರೂಢಿಯಾಗಿದೆ. ನಾನೋ, ಚಿಂಚೋಳಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿ, ಮುಂದಿನ ವರ್ಷವೇ ಅಕ್ಕಿಕಾಳು ಬಿದ್ದು ಇಲ್ಲಿಗೆ ಬಂದವಳು. ಕಂಪ್ಯೂಟರಿಗೂ ನನಗೂ ಇದ್ದ ಸಂಬಂಧವೆಂದರೆ ಅದರ ಮೇಲಿನ ಧೂಳು ಒರೆಸುವುದಷ್ಟೇ. ಅಂಥವಳು ಟೀವಿಯನ್ನೇ ಕಂಪ್ಯೂಟರಿನ ಪರದೆಯಾಗಿ ಮಾಡಿದ ಕಥೆ ಬರೆಯಲು ಕುಳಿತಿದ್ದೇನೆಂದರೆ ನನಗೇ ನಗು ಬರುತ್ತದೆ. ಆದರೆ ಈ ಕಥೆಯಲ್ಲಿ ನಗುವಿಗಿಂತ ನಾಚಿಕೆಯ ಪಾಲೇ ಹೆಚ್ಚು. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಶ್ರಾವಣದ ಒಂದು ಸಂಜೆ. ಮಗಳು ಕಾಲೇಜಿನಿಂದ ಬಂದವಳೇ ಲ್ಯಾಪ್‌ಟಾಪನ್ನು ಮಂಚದ ಮೇಲಿಟ್ಟು ಕೈಕಾಲು ತೊಳೆಯಲು ಹೋದಳು. ಅದು ಅವಳ ಚಿಕ್ಕಪ್ಪ ಬಳಸಿಬಿಟ್ಟ ಹಳೆಯ ಲ್ಯಾಪ್‌ಟಾಪು, ಕರಿ ಬಣ್ಣದ್ದು. ಮಂಚದ ಮೇಲಿದ್ದದ್ದು ನಾನೇ ಹೊಲಿದ ಕೌದಿ, ಅದೂ ಹಳೆಯ ಕರಿಸೀರೆಯ ಅರಿವೆಯದು. ಆಯಿ ದೇವರಿಗೆ ದೀಪ ಹಚ್ಚಿ ಬಂದವರು ಎಂದಿನಂತೆ ಮಂಚದ ಮೇಲೆ ಕುಳಿತುಬಿಟ್ಟರು. ಟಕ್ ಅಂತ ಒಂದು ಸದ್ದು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನಗೂ ಕೇಳಿಸಿತು.

ತೆರೆದು ನೋಡಿದರೆ ಪರದೆಯ ಬಲಗಡೆ ಅರ್ಧ ಭಾಗ ದೌತಿಯಲ್ಲಿನ ಮಸಿ ಚೆಲ್ಲಿದ ಹಾಗೆ ಕಪ್ಪಾಗಿತ್ತು. ಉಳಿದರ್ಧದಲ್ಲಿ ಮಳೆ ಬಂದಂತೆ ಗೆರೆಗಳು. ಮಗಳು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. "ಇಷ್ಟು ದೊಡ್ಡ ಸಾಮಾನು ಕಣ್ಣಿಗಿ ಕಾಣಲಿಲ್ಲೇನು ಆಯಿ?" ಎಂದಷ್ಟೇ ಕೇಳಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಯಿ ಏನೂ ಉತ್ತರ ಕೊಡಲಿಲ್ಲ. ಆ ರಾತ್ರಿ ಅವರು ಒಂದೇ ರೊಟ್ಟಿ ತಿಂದು ಎದ್ದರು.

ಮರುದಿನ ರಿಪೇರಿ ಅಂಗಡಿಯಲ್ಲಿ ಹೊಸ ಪರದೆಗೆ ಐದೂವರೆ ಸಾವಿರ ಎಂದರು. ಸಾಮಾನು ಹೈದರಾಬಾದಿನಿಂದ ಬರಬೇಕು, ಹದಿನೈದು ದಿನವಾದರೂ ಬೇಕು ಎಂದರು. ಮಗಳು ಪ್ರಾಜೆಕ್ಟ್ ವರದಿ ಒಪ್ಪಿಸಲು ಉಳಿದದ್ದು ಹನ್ನೆರಡೇ ದಿನ. ವರದಿಯ ಅರ್ಧ ಆ ಲ್ಯಾಪ್‌ಟಾಪಿನ ಹೊಟ್ಟೆಯೊಳಗೇ ಇತ್ತು. ಐದೂವರೆ ಸಾವಿರವೆಂದರೆ ನಮ್ಮ ಮನೆಯ ಒಂದೂವರೆ ತಿಂಗಳ ಕಿರಾಣಿ. ಮೂರು ದಿನ ಮಗಳು ಆಯಿಯ ಜೊತೆ ಮಾತಾಡಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಮಾತು ಬಿಟ್ಟರೆ ನಡುವೆ ಸಿಕ್ಕವಳ ಗತಿ ಏನೆಂದು ನಿಮಗೆ ಗೊತ್ತು. "ಆಯಿಗೆ ಚಹಾ ಬೇಕಾ ಕೇಳು," "ಅವಳಿಗೆ ಊಟಕ್ಕ ಬಾ ಅಂತ ಹೇಳು" ಎಂದು ನಾನೇ ಟಪಾಲು ಹೊತ್ತೆ.

ನಾಲ್ಕನೆಯ ದಿನ ವಾಡಿಯಿಂದ ನನ್ನ ತಂಗಿಯ ಫೋನು ಬಂತು. ದುಃಖ ತೋಡಿಕೊಂಡೆ. ಡಿಪ್ಲೊಮಾ ಓದುತ್ತಿರುವ ಅವಳ ಮಗ ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದನಂತೆ. ಫೋನು ಕಸಿದುಕೊಂಡು, "ದೊಡ್ಡವ್ವಾ, ಲ್ಯಾಪ್‌ಟಾಪ್ ಸತ್ತಿಲ್ಲ. ಅದರ ಮಾರಿಗಿ ಅಷ್ಟೇ ಪೆಟ್ಟಾಗ್ಯದ. ಬುದ್ಧಿ ಎಲ್ಲಾ ಕೆಳಗ ಕೀಲಿಮಣಿ ಇರೋ ಭಾಗದಾಗ ಇರ್ತದ. ನಿಮ್ಮ ಟೀವಿಗಿ ಒಂದು ವಾಯರ್ ಹಚ್ಚರಿ, ಟೀವಿನೇ ಅದರ ಮಾರಿ ಆಗ್ತದ" ಎಂದ. ಆ ವಾಯರಿನ ಹೆಸರು ಎಚ್‌ಡಿಎಂಐ. ಎರಡೂ ತುದಿ ಒಂದೇ ತರಹ ಚಪ್ಪಟೆಯಾಗಿರುತ್ತವೆ. ಚಿತ್ರವೂ ಧ್ವನಿಯೂ ಒಂದೇ ವಾಯರಿನಲ್ಲಿ ಹೋಗುತ್ತವೆ. ಬೆಲೆ ಇನ್ನೂರೈವತ್ತು ರೂಪಾಯಿ! ಐದೂವರೆ ಸಾವಿರವೆಲ್ಲಿ, ಇನ್ನೂರೈವತ್ತೆಲ್ಲಿ!

ಇದೇನು ಹೊಸ ಬುದ್ಧಿವಂತಿಕೆಯೂ ಅಲ್ಲವಂತೆ. 1982ರಲ್ಲಿ ಇಂಗ್ಲೆಂಡಿನಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಸಣ್ಣ ಕಂಪ್ಯೂಟರ್ ಬಂದಾಗ ಅದಕ್ಕೆ ಸ್ವಂತ ಪರದೆಯೇ ಇರಲಿಲ್ಲ. ಮನೆಯ ಟೀವಿಗೇ ಹಚ್ಚಿ ಬಳಸಬೇಕಿತ್ತು. ಒಂದು ಸಾಲಿಗೆ 32 ಅಕ್ಷರ, ಇಡೀ ಪರದೆಗೆ 24 ಸಾಲು, ಅಷ್ಟೇ. ಹಳೆಯ ಟೀವಿಗಳಲ್ಲಿ ಅದಕ್ಕಿಂತ ಸಣ್ಣಕ್ಷರ ಚೊಕ್ಕವಾಗಿ ಮೂಡುವುದು ಕಷ್ಟವಿತ್ತು. ಟೀವಿ ಯಾರಿಗೆ ಎಂಬ ಜಗಳ ಆ ಮನೆಗಳಲ್ಲೂ ನಡೆದೇ ಇರಬೇಕು!

ನಮ್ಮಲ್ಲಿಯೂ ಮುಖ್ಯ ಪ್ರಶ್ನೆ ಅದೇ ಆಗಿತ್ತು. ಸಂಜೆ ಆರರಿಂದ ಒಂಬತ್ತರವರೆಗೆ ಟೀವಿ ಆಯಿಯದು. ಮಂಡಿನೋವಿನಿಂದ ಎಲ್ಲೂ ಹೋಗಲಾರದ ಅವರಿಗೆ ಇರುವ ಒಂದೇ ಸುಖ ಅದು. ಹೇಗೆ ಕೇಳುವುದೆಂದು ನಾನು ಹಿಂದೆಮುಂದೆ ನೋಡುತ್ತಿರುವಾಗ ಆಯಿಯೇ ಬಾಯಿ ಬಿಟ್ಟರು: "ಕೊಡು, ಆ ಹುಡುಗಿಗಿ ಕೊಡು. ಟೀವಿ ನಮ್ಮ ಕಡಿ ಬಂದಿದ್ದೇ ಪಾಠಕ್ಕ. ಧಾರಾವಾಹಿ ಆಮ್ಯಾಲ ಬಂದಾವ."

ಅದೇನು ಮಾತೆಂದು ಕೇಳಿದಾಗ ಅವರು ಹೇಳಿದ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಆಯಿ ಮದುವೆಯಾದ ಹೊಸತು, ತವರಿಗೆ ಹೋಗಿದ್ದರಂತೆ. ಊರ ಶಾಲೆಯ ಮುಂದೆ ಕೋಳಿಗೂಡಿಗೆ ಬಳಸುವಂಥ ತಂತಿಜಾಳಿಗೆಯಲ್ಲಿ ಮಾಡಿದ ದೊಡ್ಡ ಬುಟ್ಟಿಯೊಂದನ್ನು ಆಕಾಶಕ್ಕೆ ಮುಖಮಾಡಿ ನಿಲ್ಲಿಸಿದ್ದರಂತೆ. ಸಂಜೆ ಊರೇ ಕೂಡುತ್ತಿತ್ತಂತೆ. ಬೀಜದ ಮಾತು, ಬಾಣಂತಿಯ ಆರೈಕೆಯ ಮಾತು, ಹಾಡು, ನಾಟಕ, ಎಲ್ಲ ಕನ್ನಡದಲ್ಲಿ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ.

ಮಗಳು ಆಮೇಲೆ ಹುಡುಕಿ ಓದಿ ಹೇಳಿದಳು. ಅದು ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ನಡೆದ ಶಿಕ್ಷಣ ಪ್ರಯೋಗ. ಹೆಸರು 'ಸೈಟ್'. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಆರಿಸಿದ್ದು ಆಗಿನ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಅದರ ಕನಸು ಕಂಡ ವಿಕ್ರಮ್ ಸಾರಾಭಾಯಿ 1971ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಎಂದರೆ ರಾಜಧಾನಿಗಿಂತ ಮುಂಚೆ ನಮ್ಮ ಕಡೆಯ ಹಳ್ಳಿಯ ಹೆಂಗಸರು ಕನ್ನಡದಲ್ಲಿ ಟೀವಿ ನೋಡಿದ್ದರು! ಹಿಂದುಳಿದವರು ಎನ್ನಿಸಿಕೊಂಡೇ ಬಂದ ನಮಗೆ ಇದು ಹೆಮ್ಮೆಯ ಮಾತಲ್ಲವೇ? 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಮಕ್ಕಳಿಗೆ ಪಾಠ ಬಂದದ್ದು ನಿಮಗೆ ನೆನಪಿರಬಹುದು. ಆಯಿಯ ಪಾಲಿಗೆ ಅದು ಎರಡನೆಯ ಸಲ.

ಸರಿ, ಟೀವಿ ಸಿಕ್ಕಿತು, ವಾಯರ್ ಬಂತು. ಒಂದು ತುದಿ ಲ್ಯಾಪ್‌ಟಾಪಿಗೆ, ಇನ್ನೊಂದು ಟೀವಿಯ ಹಿಂದೆ. ಟೀವಿಯ ರಿಮೋಟಿನಲ್ಲಿ ಸೋರ್ಸ್ ಅಥವಾ ಇನ್‌ಪುಟ್ ಎಂಬ ಗುಂಡಿ ಒತ್ತಿ ಎಚ್‌ಡಿಎಂಐ ಆರಿಸಿದೆವು. ಲ್ಯಾಪ್‌ಟಾಪಿನಲ್ಲಿ ಕಿಟಕಿ ಗುರುತಿನ ಗುಂಡಿ ಹಿಡಿದುಕೊಂಡು ಪಿ ಅಕ್ಷರ ಒತ್ತಿದರೆ ನಾಲ್ಕು ಸಾಲಿನ ಪಟ್ಟಿ ಬರುತ್ತದೆ. ಅದರಲ್ಲಿ ಕೊನೆಯದು, ಸೆಕೆಂಡ್ ಸ್ಕ್ರೀನ್ ಓನ್ಲಿ. ಅದನ್ನು ಒತ್ತಿದ ಕೂಡಲೇ ಒಡೆದ ಪರದೆ ಆರಿ, ಎಲ್ಲವೂ ಟೀವಿಯ ಮೇಲೆ ಮೂಡಿತು. ಮಗ ಚಪ್ಪಾಳೆ ತಟ್ಟಿದ.

ಆದರೆ ಆ ಖುಷಿ ಹತ್ತು ನಿಮಿಷ ಬಾಳಲಿಲ್ಲ. ಚಿತ್ರ ಬಂದಿತ್ತು, ಓದಲು ಬರುತ್ತಿರಲಿಲ್ಲ. ನಾಲ್ಕೂ ಅಂಚು ಕತ್ತರಿಸಿ ಹೋಗಿದ್ದವು. ಕೆಳಗಿನ ಗಡಿಯಾರದ ಪಟ್ಟಿಯೂ ಮೇಲಿನ ಮುಚ್ಚುವ ಗುರುತೂ ಕಾಣುತ್ತಿರಲಿಲ್ಲ. ಅಕ್ಷರಗಳು ನೀರಲ್ಲಿ ನೆಂದ ಕಾಗದದ ಮೇಲೆ ಬರೆದಂತೆ ಉಬ್ಬಿದ್ದವು. ಪ್ರತಿ ಅಕ್ಷರದ ಸುತ್ತ ಬಿಳಿ ನೆರಳು. ಕೆಂಪಕ್ಷರವಂತೂ ಕುಂಕುಮ ಕಲಸಿದಂತೆ ಹರಡಿತ್ತು. ಬೆಳಕೋ, ಕಣ್ಣು ಕುಕ್ಕುವಷ್ಟು. ಅರ್ಧ ತಾಸು ಕೂತ ಮಗಳಿಗೆ ತಲೆನೋವು ಬಂತು. ಟೀವಿ ಅಂಗಡಿಯವರನ್ನು ಕೇಳಿದರೆ, "ಸೆಟ್ ಹಳೇದಾಗ್ಯದ್ರಿ ಅಕ್ಕೋರೆ, ಹೊಸದು ತಗೊಂಬಿಡ್ರಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ನಮ್ಮ ಟೀವಿ 32 ಇಂಚಿನದು, ಕೊಂಡು ಆರು ವರ್ಷವಾಗಿತ್ತು. ಹೊಸದು ತರುವ ಹಾಗಿದ್ದರೆ ಪರದೆಯನ್ನೇ ಹಾಕಿಸುತ್ತಿರಲಿಲ್ಲವೇ?

ಮತ್ತೆ ವಾಡಿಗೆ ಫೋನು. ಆ ಹುಡುಗ ಒಂದೊಂದಾಗಿ ಹೇಳಿಕೊಟ್ಟ, ನಾನು ರಿಮೋಟ್ ಹಿಡಿದು ಒಂದೊಂದಾಗಿ ಮಾಡಿದೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರಲೆಂದು ಅದೇ ಕ್ರಮದಲ್ಲಿ ಬರೆಯುತ್ತೇನೆ.

ಮೊದಲನೆಯದು ಅಂಚು ಕತ್ತರಿಸುವ ಕಥೆ. ಹಿಂದೆ ದಪ್ಪ ಬೆನ್ನಿನ ಟೀವಿಗಳಿದ್ದಾಗ ಚಿತ್ರದ ಅಂಚು ನೆಟ್ಟಗೆ ಬರುತ್ತಿರಲಿಲ್ಲ. ಆ ಸೊಟ್ಟ ಅಂಚು ಕಾಣಬಾರದೆಂದು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದರು. ಸೀರೆಯ ಅಂಚಿನ ನೂಲು ಬಿಚ್ಚದಿರಲೆಂದು ಒಳಮಡಿಕೆ ಹಾಕಿ ಹೊಲಿಯುತ್ತೇವಲ್ಲ, ಹಾಗೆ. ಚಪ್ಪಟೆ ಟೀವಿಗೆ ಅದರ ಅಗತ್ಯವಿಲ್ಲದಿದ್ದರೂ ಆ ಅಭ್ಯಾಸ ಹಲವು ಸೆಟ್ಟುಗಳಲ್ಲಿ ಉಳಿದುಕೊಂಡಿದೆ. ರಿಮೋಟಿನ ಪಿಕ್ಚರ್ ಸೈಜ್ ಎಂಬಲ್ಲಿ ಹೋದರೆ ಜಸ್ಟ್ ಸ್ಕ್ಯಾನ್ ಎಂದೋ, ಸ್ಕ್ರೀನ್ ಫಿಟ್ ಎಂದೋ ಇರುತ್ತದೆ. ಒಂದೊಂದು ಕಂಪನಿಗೆ ಒಂದೊಂದು ಹೆಸರು. ಅದನ್ನು ಆರಿಸಿದ ಕೂಡಲೇ ನಾಲ್ಕೂ ಅಂಚು ಒಳಗೆ ಬಂದವು.

ಎರಡನೆಯದು ಚುಕ್ಕಿಯ ಲೆಕ್ಕ. ಇದು ನನಗೆ ಎಲ್ಲಕ್ಕಿಂತ ಬೇಗ ತಿಳಿಯಿತು, ಏಕೆಂದರೆ ದಿನಾ ಬೆಳಿಗ್ಗೆ ಅಂಗಳದ ಪರಸಿ ಕಲ್ಲಿನ ಮೇಲೆ ನಾನು ಹಾಕುವುದೂ ಚುಕ್ಕಿಯ ರಂಗೋಲಿಯನ್ನೇ. ಟೀವಿಯ ಚಿತ್ರವೆಲ್ಲ ಚುಕ್ಕಿಗಳಿಂದಲೇ ಆದದ್ದು. ನಮ್ಮಂಥ ಎಚ್‌ಡಿ ರೆಡಿ ಟೀವಿಯಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿ. ಒಟ್ಟು ಹತ್ತು ಲಕ್ಷದ ಮೇಲೆ. ಫುಲ್ ಎಚ್‌ಡಿ ಎಂಬುದರಲ್ಲಿ 1920ಕ್ಕೆ 1080. ಒಟ್ಟು ಇಪ್ಪತ್ತು ಲಕ್ಷದ ಮೇಲೆ. ನಮ್ಮ ಲ್ಯಾಪ್‌ಟಾಪು ಇಪ್ಪತ್ತು ಲಕ್ಷ ಚುಕ್ಕಿಯ ರಂಗೋಲಿ ಕಳಿಸುತ್ತಿತ್ತು, ಟೀವಿ ಅದನ್ನು ಹತ್ತು ಲಕ್ಷ ಚುಕ್ಕಿಯ ಅಂಗಳದಲ್ಲಿ ಒತ್ತಿ ಒತ್ತಿ ತುಂಬುತ್ತಿತ್ತು. ಒಂಬತ್ತು ಚುಕ್ಕಿಯ ರಂಗೋಲಿಯನ್ನು ಏಳು ಚುಕ್ಕಿಯ ಮೇಲೆ ಎಳೆದರೆ ಗೆರೆ ಕೂಡುತ್ತದೆಯೇ? ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರೆಸಲ್ಯೂಷನ್ ಎಂಬಲ್ಲಿ 1366 × 768 ಆರಿಸಿದೆವು. ಅಕ್ಷರದ ಊತ ಅರ್ಧ ಇಳಿಯಿತು. ಕೆಲವು ಟೀವಿಗಳು ಈ ಅಳತೆಯನ್ನು ಪಟ್ಟಿಯಲ್ಲಿ ತೋರಿಸುವುದಿಲ್ಲವಂತೆ. ಆಗ ಇರುವ ಅಳತೆಗಳನ್ನು ಒಂದೊಂದಾಗಿ ಹಾಕಿ ನೋಡಿ, ಅಕ್ಷರ ಚೊಕ್ಕ ಕಂಡದ್ದನ್ನು ಇಟ್ಟುಕೊಳ್ಳಬೇಕು.

ಮೂರನೆಯದು ಬಣ್ಣ ಹರಡುವುದು. ಸಿನಿಮಾ, ಧಾರಾವಾಹಿಗಳ ಚಿತ್ರದಲ್ಲಿ ಬೆಳಕು ನೆರಳನ್ನು ಪೂರ್ತಿ ಕಳಿಸಿ, ಬಣ್ಣವನ್ನು ಮಾತ್ರ ಅಷ್ಟು ಬಿಡಿಬಿಡಿಯಾಗಿ ಕಳಿಸುವುದಿಲ್ಲ. ಅಕ್ಕಪಕ್ಕದ ಚುಕ್ಕಿಗಳಿಗೆ ಸೇರಿಸಿ ಒಂದೇ ಬಣ್ಣ. ಮನುಷ್ಯರ ಮುಖ ನೋಡುವಾಗ ನಮಗದು ಗೊತ್ತೇ ಆಗುವುದಿಲ್ಲ. ಸಣ್ಣ ಬಣ್ಣದಕ್ಷರದಲ್ಲಿ ಮಾತ್ರ ಗುಟ್ಟು ರಟ್ಟಾಗುತ್ತದೆ. ಹಲವು ಟೀವಿಗಳಲ್ಲಿ ಎಚ್‌ಡಿಎಂಐ ಎಂಬ ಹೆಸರನ್ನು ಬದಲಿಸಿ ಪಿಸಿ ಎಂದು ಹೆಸರಿಟ್ಟರೆ, ಓಹೋ ಇದು ಕಂಪ್ಯೂಟರ್ ಎಂದು ತಿಳಿದು ಟೀವಿ ಬಣ್ಣವನ್ನು ಚುಕ್ಕಿ ಚುಕ್ಕಿಗೂ ಬಿಡಿಸಿ ತೋರಿಸುತ್ತದೆ. ಹೆಸರು ಬದಲಿಸಿದರೆ ನಡತೆ ಬದಲಾಗುವುದು ನಮ್ಮ ಮಕ್ಕಳಲ್ಲಿ ಕಾಣೆ, ಟೀವಿಯಲ್ಲಿ ಕಂಡೆ!

ನಾಲ್ಕನೆಯದು ಆ ಬಿಳಿ ನೆರಳು. ಟೀವಿಯಲ್ಲಿ ಶಾರ್ಪ್‌ನೆಸ್ ಎಂಬುದೊಂದಿದೆ. ಹೆಚ್ಚಿಸಿದರೆ ಚಿತ್ರ ಚೊಕ್ಕವಾಗುತ್ತದೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ಅದು ಪ್ರತಿ ಗೆರೆಯ ಪಕ್ಕ ತನ್ನ ಕಡೆಯಿಂದ ಇನ್ನೊಂದು ಗೆರೆ ಎಳೆಯುತ್ತದೆ. ದೂರದಿಂದ ನೋಡುವ ಸಿನಿಮಾಕ್ಕೆ ನಡೆದೀತು, ಅಕ್ಷರಕ್ಕೆ ಸಲ್ಲ. ಕೆಲವು ಸೆಟ್ಟಿನಲ್ಲಿ ಸೊನ್ನೆಗೆ, ಕೆಲವರಲ್ಲಿ ನಡುವಿಗೆ ತಂದರೆ ನೆರಳು ಹೋಗುತ್ತದೆ. ನಮ್ಮದರಲ್ಲಿ ಅದು ಎಷ್ಟಿತ್ತೆಂದಿರಿ? ನೂರಕ್ಕೆ ನೂರು! ಬೆಳಕೂ ನೂರು. ಚಿತ್ರದ ರೀತಿ ವಿವಿಡ್ ಎಂಬ ಅತಿ ಝಗಮಗದ್ದು.

"ಯಾರ್ ಮಾಡ್ಯಾರಿದು?" ಎಂದು ಮಗನನ್ನು ಗದರಿದೆ.

"ಆಯೀನೇ ಹೇಳ್ಯಾಳವ್ವಾ. ಟೀವಿ ಮಬ್ಬಾಗ್ಯದ, ಜಾಸ್ತಿ ಮಾಡು ಮಾಡು ಅಂತ ದಿನಾ ಒಂದಿಷ್ಟು ಏರಿಸಾಕ ಹಚ್ಯಾಳ" ಎಂದ.

"ಅವರು ಹೇಳಿದ್ರು ಅಂತ ನೀನು ಏರಿಸಿದೇನು?" ಎಂದು ಅವನ ತಲೆಗೊಂದು ಮೊಟಕಿ, ಎಲ್ಲವನ್ನೂ ಇಳಿಸಿ ಸ್ಟ್ಯಾಂಡರ್ಡ್ ಎಂಬುದಕ್ಕೆ ತಂದೆ. ನೋಡಿ ಸೋದರಿಯರೇ, ಸುಳಿವು ನನ್ನ ಕೈಯಲ್ಲೇ ಇತ್ತು. ನಾನು ಅದನ್ನು ನೋಡದೆ ಮಗನ ತಲೆಗೆ ಮೊಟಕಿದೆ.

ಕೊನೆಯದಾಗಿ, ಲ್ಯಾಪ್‌ಟಾಪಿನ ಸ್ಕೇಲ್ ಎಂಬುದರಲ್ಲಿ ಅಕ್ಷರದ ಗಾತ್ರವನ್ನು ನೂರರಿಂದ ನೂರಾ ಇಪ್ಪತ್ತೈದಕ್ಕೆ ಏರಿಸಿದೆವು. ಕ್ಲಿಯರ್‌ಟೈಪ್ ಎಂದು ಹುಡುಕಿದರೆ ಒಂದೊಂದು ಪುಟದಲ್ಲಿ ಕೆಲವು ಮಾದರಿ ತೋರಿಸಿ, ನಿಮಗೆ ಯಾವುದು ಚೆನ್ನಾಗಿ ಕಾಣುತ್ತದೆ ಎಂದು ಕೇಳುತ್ತದೆ. ಅಂಗಡಿಯವ ಸೀರೆ ಹರವಿದ ಹಾಗೆ. ಅದನ್ನೂ ಆರಿಸಿದೆವು. ಇನ್ನು ಕೂರುವ ದೂರ. ಲ್ಯಾಪ್‌ಟಾಪಿನ ಹಾಗೆ ಟೀವಿಯ ಮೂಗಿಗೆ ಮೂಗು ಹಚ್ಚಿ ಕೂತರೆ ಚುಕ್ಕಿಗಳೇ ಕಾಣುತ್ತವೆ. ನಾಲ್ಕೈದು ಅಡಿ ಹಿಂದೆ ಮಣೆ ಹಾಕಿ, ಟೀವಿಯನ್ನು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿಟ್ಟೆವು. ಕಿಟಕಿಯ ಬೆಳಕು ಪರದೆಯ ಮೇಲೆ ಬೀಳದಂತೆ ಹಳೆಯ ಸೀರೆಯ ಪರದೆ ಕಟ್ಟಿದೆ. ಸಿಮೆಂಟು, ಕಲ್ಲಿನ ಧೂಳಿನ ನಮ್ಮ ಕಡೆ ಟೀವಿ ಒರೆಸುವುದೂ ಒಂದು ಕೆಲಸ. ನೀರು ಚಿಮುಕಿಸಬಾರದು, ಸೆಟ್ ಆರಿಸಿ, ಒಣಗಿದ ಮೆತ್ತನೆಯ ಅರಿವೆಯಿಂದ ಹಗುರಾಗಿ ಒರೆಸಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿದರೆ ಕಣ್ಣಿಗೆ ವಿಶ್ರಾಂತಿ ಎಂದು ಕಣ್ಣಿನ ಡಾಕ್ಟರರು ಹೇಳುತ್ತಾರೆ. ನಮ್ಮ ಮಗಳಿಗೆ ಅಂಗಳದ ಬೇವಿನ ಗಿಡವೇ ಇಪ್ಪತ್ತಡಿ.

ಎಲ್ಲ ಮುಗಿದಾಗ ರಾತ್ರಿ ಒಂಬತ್ತು. ಪರದೆ ತೊಳೆದಿಟ್ಟ ಕನ್ನಡಿಯಂತಿತ್ತು. ಮಗಳ ಮುಖದಲ್ಲಿ ನಾಲ್ಕು ದಿನದ ಮೇಲೆ ನಗು ಕಂಡಿತು. ನನಗೂ ಉಬ್ಬು. "ಆಯೀ, ಬರ್ರಿಲ್ಲಿ. ನಿಮ್ಮ ಟೀವಿ ಹೆಂಗಾಗ್ಯದ ನೋಡ್ರಿ" ಎಂದು ಕರೆದು, ವಾಯರ್ ಬದಲಿಸಿ ಅವರ ಧಾರಾವಾಹಿಯನ್ನೇ ಹಚ್ಚಿ ತೋರಿಸಿದೆ.

ಆಯಿ ನೋಡಿದರು. ಕಣ್ಣು ಕಿರಿದು ಮಾಡಿ ನೋಡಿದರು. ಮತ್ತೆ ಮೆಲ್ಲಗೆ, "ಮೊದಲೇ ಛಲೋ ಇತ್ತವ್ವ. ಈಗ ಕತ್ತಲಾಗ್ಯದ. ಮಂಜು ಹಂಗೇ ಅದ" ಎಂದರು.

ನಾವೆಲ್ಲ ನಕ್ಕೆವು. ಹೌದು, ನಾನೂ ನಕ್ಕೆ. ನಗದೆ ಇದ್ದವಳು ಮಗಳೊಬ್ಬಳೇ. ಅವಳು ಎದ್ದು ಮತ್ತೆ ಲ್ಯಾಪ್‌ಟಾಪಿನ ವಾಯರ್ ಹಚ್ಚಿ, ಪರದೆಯ ತುಂಬ ಒಂದೇ ದೊಡ್ಡ ಅಕ್ಷರ ಮೂಡಿಸಿದಳು. "ಆಯಿ, ಇದೇನು ಹೇಳು." ಆಯಿ ಮೂರನೆಯ ಇಯತ್ತೆ ಓದಿದವರು, ಅಕ್ಷರ ಬಲ್ಲವರು. ಹೇಳಿದರು. ಅಕ್ಷರ ಸಣ್ಣ ಮಾಡಿದಳು. ಆಯಿ ತಡವರಿಸಿದರು. ಇನ್ನೂ ಸಣ್ಣ ಮಾಡಿದಳು. ಆಯಿ ಸುಮ್ಮನಾದರು. ಒಂದು ಕಣ್ಣು ಮುಚ್ಚಿಸಿ ಕೇಳಿದಳು, ಇನ್ನೊಂದು ಮುಚ್ಚಿಸಿ ಕೇಳಿದಳು. "ದೀಪ ಹೆಂಗ ಕಾಣ್ತದ ಆಯಿ?" ಎಂದಳು. "ದೀಪದ ಸುತ್ತ ಬಳಿ ಇಟ್ಟಂಗ ಕಾಣ್ತದ. ದೀಪ ಅಂದ್ರ ಹಂಗೇ ಅಲ್ಲೇನು?" ಎಂದರು ಆಯಿ.

ಮಗಳು ಮಂಚದ ಮೇಲಿನ ಕರಿಕೌದಿಯನ್ನೂ ಅದರ ಪಕ್ಕದ ಕರಿ ಲ್ಯಾಪ್‌ಟಾಪನ್ನೂ ನೋಡಿದಳು. ಆಮೇಲೆ ಆಯಿಯ ಪಕ್ಕದಲ್ಲಿ ಕುಳಿತು ಅವರ ಕೈ ಹಿಡಿದುಕೊಂಡಳು. "ಅವತ್ತು ಖರೇನೇ ಕಾಣಲಿಲ್ಲೇನು ನಿನಗ?"

"ಕಾಣಲಿಲ್ಲವ್ವ."

"ಯಾಕ ಹೇಳಲಿಲ್ಲ?"

"ಹೇಳಿದ್ರ ಆಪರೇಷನ್ ಅಂತಾರ, ರೊಕ್ಕ ಅಂತಾರ. ನಿನ್ನ ಫೀಸಿನ ವರ್ಷ ಇದು. ಎರಡು ವರ್ಷ ತಡದೀನಿ, ಇನ್ನೊಂದ್ ವರ್ಷ ತಡೀತಿದ್ದೆ" ಎಂದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದೊಂದೇ ನೆನಪಾಗುತ್ತ ಹೋಯಿತು. ಬ್ಯಾಳಿ ಹಸನು ಮಾಡಿಕೊಟ್ಟಾಗ ಕಲ್ಲು ಉಳಿದವೆಂದು ನಾನು ಸಿಡುಕಿದ್ದು. ಪುಂಡಿ ಸೊಪ್ಪಿನಲ್ಲಿ ಹುಲ್ಲುಕಡ್ಡಿ ಬಂದಾಗ "ಕಣ್ಣು ಎಲ್ಲಿಟ್ಟಿರಿ?" ಎಂದದ್ದು. ಸೀರೆ ಒಳಮೈ ಹೊರಗೆ ಮಾಡಿ ಉಟ್ಟಿದ್ದಾಗ ನೆರೆಮನೆಯವರ ಮುಂದೆ ನಕ್ಕದ್ದು. ನೂರಕ್ಕೆ ಏರಿಸಿದ ಆ ಬೆಳಕು. ಟೀವಿಯ ಚಿತ್ರ ಕೆಟ್ಟದ್ದಕ್ಕೆ ಕಾರಣ ಟೀವಿಯಾಗಿರಲಿಲ್ಲ. ಆಯಿ ಎರಡು ವರ್ಷದಿಂದ ತಮ್ಮ ಕಣ್ಣಿನ ಮಂಜನ್ನು ಟೀವಿಯ ಬೆಳಕಿನಿಂದ ಅಳಿಸಲು ನೋಡುತ್ತಿದ್ದರು. ಹತ್ತು ಲಕ್ಷ ಚುಕ್ಕಿಯ ಲೆಕ್ಕ ತಿಳಿದ ನನಗೆ, ಇಪ್ಪತ್ತನಾಲ್ಕು ವರ್ಷ ಒಂದೇ ಒಲೆಯ ಅನ್ನ ಉಂಡವರ ಎರಡು ಕಣ್ಣಿನ ಲೆಕ್ಕ ತಿಳಿಯಲಿಲ್ಲ.

ಮಗಳು ವರದಿ ಒಪ್ಪಿಸಿದ ಮರುದಿನವೇ ಆಯಿಯನ್ನು ಕಲಬುರಗಿಯ ಸರಕಾರಿ ದವಾಖಾನೆಗೆ ಕರೆದೊಯ್ದೆವು. ಎರಡೂ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ. ಕಣ್ಣಿನೊಳಗಿನ ತಿಳಿಯಾದ ಮಸೂರವೇ ವಯಸ್ಸಾದಂತೆ ಹಾಲು ಬೆರೆಸಿದ ಹಾಗೆ ಮಬ್ಬಾಗುತ್ತದೆ. ಕನ್ನಡಕ ಬದಲಿಸಿದರೂ, ಔಷಧ ಬಿಟ್ಟರೂ ಅದು ಹೋಗುವುದಿಲ್ಲ. ಮಬ್ಬಾದ ಮಸೂರ ತೆಗೆದು ಹೊಸ ಮಸೂರ ಕೂರಿಸಬೇಕು. ಸಾಮಾನ್ಯವಾಗಿ ಒಂದು ತಾಸಿನೊಳಗಿನ ಕೆಲಸ. ಅದೇ ದಿನವೋ ಮರುದಿನವೋ ಮನೆಗೆ ಬರಬಹುದು. ಖರ್ಚಿಗೆ ಹೆದರುವ ನಮ್ಮಂಥವರಿಗೆ ಒಂದು ಮಾತು: 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳಲ್ಲಿ ಈ ಆಪರೇಷನ್ ಉಚಿತ. ಆಯಿ ಎರಡು ವರ್ಷ ತಡೆದುಕೊಂಡದ್ದು, ನಾವು ಒಂದು ರೂಪಾಯಿ ಕೊಡಬೇಕಿಲ್ಲದ ಕೆಲಸಕ್ಕೆ!

ಒಂದು ಕಣ್ಣು ಮೊದಲು, ಕೆಲವು ವಾರದ ಮೇಲೆ ಇನ್ನೊಂದು. ಹೇಳಿದಷ್ಟು ದಿನ ತಪ್ಪದೆ ಹನಿ ಹಾಕಿದೆವು. ಕಣ್ಣಿಗೆ ನೀರು ಬೀಳದಂತೆ, ಒಲೆಯ ಹೊಗೆ ತಾಗದಂತೆ, ಉಜ್ಜದಂತೆ ನೋಡಿಕೊಂಡೆವು. ಹನಿ ಹಾಕುವ ಕೆಲಸ ಮಗಳು ಯಾರಿಗೂ ಬಿಟ್ಟುಕೊಡಲಿಲ್ಲ. ಗಡಿಯಾರ ಇಟ್ಟುಕೊಂಡು ತಾನೇ ಹಾಕಿದಳು.

ಪಟ್ಟಿ ಬಿಚ್ಚಿ ಮನೆಗೆ ಬಂದ ಸಂಜೆ ಆಯಿ ಮೊದಲು ಕೇಳಿದ್ದು ಟೀವಿಯನ್ನಲ್ಲ, ಮಗಳ ವರದಿಯನ್ನು. ಮಗಳು ಅದನ್ನೇ ಟೀವಿಯ ಮೇಲೆ ತೆರೆದಿಟ್ಟಳು. ಆಯಿ ದಿಟ್ಟಿಸಿ ನೋಡಿ, "ಅಯ್ಯ ಶಿವನೆ, ಅಕ್ಷರಕ್ಕ ಇಷ್ಟು ಸಣ್ಣ ಅಂಚು ಇರ್ತಾವೇನು!" ಎಂದರು. ಆಮೇಲೆ ಗೋಡೆ ನೋಡಿದರು, ಕ್ಯಾಲೆಂಡರ್ ನೋಡಿದರು, ಮೊಮ್ಮಗನ ಅಂಗಿಯ ಹರಿದ ಕಿಸೆ ನೋಡಿದರು. ಕೊನೆಗೆ ಚಹಾ ಹಿಡಿದು ನಿಂತ ನನ್ನ ಮುಖ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಇಷ್ಟು ಬಿಳಿಗೂದಲ ಯಾವಾಗ ಬಂದ್ವು ನಿನಗ?" ಎಂದು ಕೇಳಿದರು. "ನನಗ ಯಾರೂ ಹೇಳಲೇ ಇಲ್ಲ."

ಲ್ಯಾಪ್‌ಟಾಪಿಗೆ ನಾವು ಇನ್ನೂ ಹೊಸ ಪರದೆ ಹಾಕಿಸಿಲ್ಲ. ಟೀವಿಯೇ ಸಾಕಾಗಿದೆ. ಬೆಳಿಗ್ಗೆಯೂ ರಾತ್ರಿ ಒಂಬತ್ತರ ಮೇಲೂ ಮಗಳದು, ಸಂಜೆ ಆರರಿಂದ ಒಂಬತ್ತು ಆಯಿಯದು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಒಂದು ತಾಸು ನನ್ನದು. ಬೆರಳು ಹುಡುಕಿ ಹುಡುಕಿ ಕನ್ನಡ ಟೈಪು ಕಲಿಯುತ್ತಿದ್ದೇನೆ. ಈ ಬರಹವನ್ನೂ ಹಾಗೇ ಬರೆದದ್ದು. ಬ್ಯಾಳಿ ಹಸನು ಮಾಡುವ ಕೆಲಸ ಮತ್ತೆ ಆಯಿಯ ಪಾಲಿಗೆ ಹೋಗಿದೆ. ಈಗ ಕಲ್ಲು ಸಿಕ್ಕರೆ ಅವರು ಅದನ್ನು ಅಂಗೈಯಲ್ಲಿಟ್ಟು ನನಗೇ ತಂದು ತೋರಿಸುತ್ತಾರೆ.

ನಿಮ್ಮ ಮನೆಯ ಟೀವಿ ಮಬ್ಬಾಗಿದೆ ಎಂದು ಹಿರಿಯರು ಯಾರಾದರೂ ಹೇಳಿದರೆ, ಸೋದರಿಯರೇ, ರಿಮೋಟ್ ಕೈಗೆತ್ತಿಕೊಳ್ಳುವ ಮುಂಚೆ ಅವರ ಪಕ್ಕ ಕುಳಿತು ಒಮ್ಮೆ ಕೇಳಿ: ದೀಪ ನಿಮಗೆ ಹೇಗೆ ಕಾಣುತ್ತದೆ?